ಮುಗಿದ ಮದುವೆಗೆ ಸಾಕ್ಷಿ

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎಂಬುದು ಹಿರಿಯರ ಗಾದೆ. ಹುಡುಗನ ಸಂಬಳಕ್ಕೆ ನಾಲ್ಕು ಕಾಸು ಸೇರಿಸುವುದು, ಹುಡುಗಿಯ ವಯಸ್ಸಿನಲ್ಲಿ ಎರಡು ವರ್ಷ ಕಳೆಯುವುದು, ಬಾರದ ಸಂಗೀತವನ್ನು ಬರುತ್ತದೆಂದು ಹೇಳುವುದು, ಇವೆಲ್ಲ ಆ ಗಾದೆಯ ನೆರಳಿನಲ್ಲಿ ತಲೆತಲಾಂತರದಿಂದ ನಡೆದುಬಂದ ಸಣ್ಣ ಪಾಪಗಳು. ಮದುವೆ ನಡೆದುಹೋದ ಮೇಲೆ ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೆರಡು ಮಕ್ಕಳಾದ ಮೇಲಂತೂ ಅವು ಮನೆಮಂದಿಯ ನಗೆಮಾತಾಗಿಬಿಡುತ್ತವೆ. ಆದರೆ ಮದುವೆಯೇ ನಿಜವಾದುದೆಂದು, ಅದೂ ಅದು ಮುರಿದುಬಿದ್ದ ಬಳಿಕ, ಪರದೇಶದ ಒಬ್ಬ ಅಧಿಕಾರಿಯ ಮುಂದೆ ರುಜುವಾತು ಮಾಡಬೇಕಾಗಿ ಬಂದರೆ? ಮಗಳನ್ನು ಅಮೆರಿಕಕ್ಕೆ ಕೊಟ್ಟ ಮನೆಗಳು ಬೆಂಗಳೂರು, ಮೈಸೂರುಗಳಲ್ಲಿ ಈಗ ವಿರಳವಲ್ಲ. ಅವುಗಳಲ್ಲಿ ಕೆಲವಕ್ಕಾದರೂ ಈ ಪ್ರಶ್ನೆ ಎದುರಾಗಿದೆ. ನೆರೆಮನೆಯವರಿಗೆ ಯಾರೂ ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಮೊದಲು ಕಾನೂನಿನ ಮಾತು. ಅಮೆರಿಕದ ಪ್ರಜೆಯನ್ನು ಕೈಹಿಡಿದ ಪರದೇಶದವರಿಗೆ ಆ ನಾಡಿನಲ್ಲಿ ನೆಲಸುವ ಹಕ್ಕು ದೊರೆಯುತ್ತದೆ. ಅದರ ಗುರುತಿನ ಚೀಟಿಯನ್ನೇ ಲೋಕವೆಲ್ಲ ಗ್ರೀನ್ ಕಾರ್ಡ್ ಎಂದು ಕರೆಯುವುದು. ಹಕ್ಕು ದೊರೆತ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿಲ್ಲದಿದ್ದರೆ ಆ ಕಾರ್ಡು ಷರತ್ತಿಗೆ ಒಳಪಟ್ಟುದು. ಅದರ ಆಯುಸ್ಸು ಎರಡೇ ವರ್ಷ. ಆ ಅವಧಿ ಮುಗಿಯುವುದಕ್ಕೆ ಮುಂಚಿನ 90 ದಿನಗಳೊಳಗೆ ಗಂಡಹೆಂಡಿರಿಬ್ಬರೂ ಕೂಡಿ ಐ-751 ಎಂಬ ಅರ್ಜಿಗೆ ಸಹಿ ಮಾಡಿ, ತಮ್ಮದು ನಿಜವಾದ ಸಂಸಾರವೆಂಬುದಕ್ಕೆ ದಾಖಲೆಗಳನ್ನು ಒಪ್ಪಿಸಬೇಕು. ಒಪ್ಪಿಗೆಯಾದರೆ ಷರತ್ತು ಕಳಚುತ್ತದೆ. ಇಬ್ಬರೂ ಕೂಡಿ ಎಂಬ ಮಾತಿನಲ್ಲಿಯೇ ಎಲ್ಲ ತೊಡಕೂ ಅಡಗಿದೆ. ಕೂಡಿ ಬಾಳಲಾರದವರು ಕೂಡಿ ಸಹಿ ಮಾಡುವುದೆಂತು?

ಅಮೆರಿಕದ ಸರ್ಕಾರಕ್ಕೆ ಇಷ್ಟು ಅನುಮಾನ ಬಂದುದು ತೀರ ಅಕಾರಣವಾಗಿ ಅಲ್ಲ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ, ಸೈನಿಕರು ಪರದೇಶಗಳಲ್ಲಿ ಕೈಹಿಡಿದವರನ್ನು ಬೇಗ ಕರೆತರಲೆಂದು ಅಲ್ಲಿ ಒಂದು ಶಾಸನವಾಯಿತು. ಕೆಲವರು ಅದನ್ನೇ ಬಾಗಿಲು ಮಾಡಿಕೊಂಡರು. ಮಾಜಿ ಸೈನಿಕರನ್ನು ಪ್ಯಾರಿಸ್ಸಿಗೆ ಕರೆದೊಯ್ದು, ಅಲ್ಲಿದ್ದ ನಿರಾಶ್ರಿತರೊಡನೆ ಹೆಸರಿಗೊಂದು ಮದುವೆ ಮಾಡಿಸಿ, ಹಡಗಿಳಿದೊಡನೆ ಅವರವರ ದಾರಿ ಅವರವರಿಗೆ ಎಂದರು. ಲಟ್ವಾಕ್ ಮೊಕದ್ದಮೆ ಎಂದು ಹೆಸರಾದ ಈ ವ್ಯಾಜ್ಯ 1953ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ವಿಧಿ ನಡೆದಿದ್ದರೇನು, ಗಂಡಹೆಂಡಿರಾಗಿ ಬಾಳುವ ಮನಸ್ಸೇ ಇಲ್ಲದ ಮೇಲೆ ಈ ಶಾಸನದ ಮಟ್ಟಿಗೆ ಅದು ಮದುವೆಯಲ್ಲವೆಂದು ಹೇಳಿ, ಆ ನ್ಯಾಯಾಲಯವು ಶಿಕ್ಷೆಯನ್ನು ಎತ್ತಿಹಿಡಿಯಿತು.

ಆದರೆ 1986ರ ಶಾಸನದ ಹುಟ್ಟು ಇಷ್ಟು ಗಟ್ಟಿಯಾದ ಆಧಾರದ ಮೇಲೆ ನಿಂತದ್ದಲ್ಲ. ಅದಕ್ಕೆ ಹಿಂದಿನ ವರ್ಷ ಸೆನೆಟ್ ಉಪಸಮಿತಿಯ ಮುಂದೆ, ಇಂಥ ಮದುವೆಗಳಲ್ಲಿ ನೂರಕ್ಕೆ 30ರಷ್ಟು ಮೋಸದವು ಇರಬಹುದೆಂದು ವಲಸೆ ಇಲಾಖೆಯ ಮುಖ್ಯಸ್ಥರು ಹೇಳಿದರು. ಆ ಸಂಖ್ಯೆ ಪತ್ರಿಕೆಗಳಲ್ಲಿ ಮೆರೆಯಿತು, ಶಾಸನವೂ ಆಯಿತು. ಆ ಎಣಿಕೆಗೆ ಶಾಸ್ತ್ರೀಯವಾದ ತಳಹದಿ ಇರಲಿಲ್ಲವೆಂಬುದು ಆಮೇಲೆ ನ್ಯಾಯಾಲಯದ ವ್ಯವಹಾರದಲ್ಲಿ ಹೊರಬಿದ್ದಿತು. ಅಷ್ಟರಲ್ಲಿ ಎರಡು ವರ್ಷದ ಷರತ್ತು ಬೇರುಬಿಟ್ಟಾಗಿತ್ತು. ಅದು ಇಂದಿಗೂ ಇದೆ. ಕಾಗದದ ಮೇಲಿನ ಒಂದು ತಪ್ಪು ಅಂಕೆ ಎಷ್ಟು ಮನೆಗಳ ನಿದ್ದೆಗೆಡಿಸಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆ ಶಾಸನದ ಮೊದಲ ರೂಪ ಇನ್ನೂ ಕಠಿಣವಾಗಿತ್ತು. ಮದುವೆ ಮುರಿದರೆ ಒಬ್ಬರೇ ಅರ್ಜಿ ಹಾಕಲು ವಿನಾಯಿತಿ ಉಂಟು, ಆದರೆ ವಿಚ್ಛೇದನವನ್ನು ಆ ಪರದೇಶದ ವ್ಯಕ್ತಿಯೇ ತಕ್ಕ ಕಾರಣ ತೋರಿಸಿ ಪಡೆದಿರಬೇಕು ಎಂದಿತ್ತು. ಗಂಡ ತಾನೇ ಮುಂದಾಗಿ ಬಿಟ್ಟನೆಂದರೆ ಹೆಂಡತಿಗೆ ಆ ದಾರಿ ಮುಚ್ಚಿತು! 1990ರಲ್ಲಿ ಈ ಅನ್ಯಾಯವನ್ನು ತೆಗೆದುಹಾಕಿದರು. ಈಗ ವಿಚ್ಛೇದನ ಪಡೆದವರು ಯಾರು, ತಪ್ಪು ಯಾರದು ಎಂಬುದು ಮುಖ್ಯವಲ್ಲ. ಮದುವೆಯಾಗುವಾಗ ಮನಸ್ಸು ಶುದ್ಧವಾಗಿತ್ತೇ ಎಂಬುದೊಂದೇ ಪ್ರಶ್ನೆ. ಗಂಡನ ಹೊಡೆತ, ಕ್ರೌರ್ಯಗಳಿಗೆ ಈಡಾದವಳಿಗೂ ಅದೇ ವರ್ಷ ಬೇರೊಂದು ವಿನಾಯಿತಿ ದೊರೆಯಿತು. ಅವಳು ವಿಚ್ಛೇದನದ ತೀರ್ಪಿಗೂ ಕಾಯಬೇಕಾಗಿಲ್ಲ.

ಕೇಳುವುದಕ್ಕೆ ಪ್ರಶ್ನೆ ಸುಲಭ. ಉತ್ತರ ಎಷ್ಟು ಕಷ್ಟವೆಂಬುದನ್ನು ಅರಿಯಲು ವಾಚಕರು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬೇಕು. ಹುಡುಗಿ ಮೈಸೂರಿನವಳು, ಎಂ.ಎಸ್‌ಸಿ. ಓದಿದವಳು. ಹುಡುಗ ದಾವಣಗೆರೆಯ ಕಡೆಯವನು. ಅಮೆರಿಕದಲ್ಲಿ ಹತ್ತಾರು ವರ್ಷ ಎಂಜಿನಿಯರನಾಗಿದ್ದು ಅಲ್ಲಿಯ ಪ್ರಜೆಯೂ ಆದವನು. ಜಾತಕ ಕೂಡಿತು, ಎರಡು ವಾರದ ರಜೆಯಲ್ಲಿ ಮದುವೆಯಾಯಿತು, ಒಂಬೈನೂರು ಎಲೆ ಊಟವಾಯಿತು. ಹುಡುಗ ಹಿಂತಿರುಗಿದ. ವೀಸಾ ಬರುವುದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಆ ಹದಿನಾಲ್ಕು ತಿಂಗಳೂ ರಾತ್ರಿಯ ಫೋನಿನಲ್ಲಿಯೇ ಸಂಸಾರ. ಆಮೇಲೆ ಅವಳು ಹೋದಳು. ಹೋಗಿ ಒಂದೂಕಾಲು ವರ್ಷಕ್ಕೆ, ಕಾರಣ ಏನೇ ಇರಲಿ, ಇಬ್ಬರಿಗೂ ಕೂಡಿ ಇರಲಾಗಲಿಲ್ಲ. ಮೋಸವಿಲ್ಲ, ಹೊಡೆತವಿಲ್ಲ, ಮನಸ್ಸು ಕೂಡಲಿಲ್ಲ. ಇಂಥದು ಮೈಸೂರಿನಲ್ಲಿಯೂ ನಡೆಯುತ್ತದೆ. ಮೈಸೂರಿನಲ್ಲಿ ನಡೆದರೆ ಹೆಣ್ಣು ತವರಿಗೆ ಬರುತ್ತಾಳೆ. ಊರು ನಾಲ್ಕು ದಿನ ಮಾತಾಡಿ ಸುಮ್ಮನಾಗುತ್ತದೆ. ಅಲ್ಲಿಯಾದರೋ ಅವಳಿಗೆ ಈಗ ಒಂದು ಉದ್ಯೋಗವಿದೆ, ತನ್ನ ಕಾಲಮೇಲೆ ತಾನು ನಿಂತಿದ್ದಾಳೆ, ಹಿಂತಿರುಗಿ ಬಂದು ಮತ್ತೆ ಮೊದಲಿಂದ ತೊಡಗುವ ಮನಸ್ಸಿಲ್ಲ. ಆ ನಾಡಿನಲ್ಲಿ ಉಳಿಯಬೇಕಾದರೆ, ಯಾವ ಮದುವೆಯನ್ನು ಮರೆಯಲೆತ್ನಿಸುತ್ತಿದ್ದಾಳೋ ಅದರ ಚೂರುಗಳನ್ನೆಲ್ಲ ಹೆಕ್ಕಿ, ಜೋಡಿಸಿ, ಇದು ನಿಜವಾಗಿತ್ತು ಎಂದು ತೋರಿಸಬೇಕು.

ಏನನ್ನು ತೋರಿಸುವುದು? ಇಬ್ಬರ ಹಣಕಾಸೂ ಸಾಲವೂ ಎಷ್ಟರಮಟ್ಟಿಗೆ ಬೆರೆತಿದ್ದವು, ಎಷ್ಟು ಕಾಲ ಒಂದೇ ಮನೆಯಲ್ಲಿ ಬಾಳಿದರು, ಮಕ್ಕಳಾಗಿದ್ದರೆ ಅವರ ಜನನಪತ್ರ, ಇವನ್ನು ನಿಯಮವೇ ಹೆಸರಿಸುತ್ತದೆ. ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಬ್ಯಾಂಕು ಖಾತೆ, ಕೂಡಿ ಸಲ್ಲಿಸಿದ ಆದಾಯ ತೆರಿಗೆಯ ಲೆಕ್ಕ, ವಿಮೆಯ ಕಾಗದ: ಇವು ಮೇಲಾದ ಸಾಕ್ಷಿಗಳು. ಈಗ ನಮ್ಮ ಹುಡುಗಿಯ ಮನೆಯನ್ನು ನೋಡಿ. ಮನೆಯನ್ನು ಹುಡುಗ ಮದುವೆಗೆ ಮೊದಲೇ ಕೊಂಡಿದ್ದ. ಪತ್ರ ಅವನೊಬ್ಬನ ಹೆಸರಿನಲ್ಲಿ. ವಿದ್ಯುತ್ತಿನ ಬಿಲ್ಲು, ನೀರಿನ ಬಿಲ್ಲು, ಕಾರಿನ ವಿಮೆ, ಎಲ್ಲವೂ ಅವನ ಹೆಸರಿಗೆ ಬರುತ್ತಿದ್ದವು. ಅವಳು ಬೆಳಗ್ಗೆ ಎದ್ದು ಡಬ್ಬಿಗೆ ಊಟ ಕಟ್ಟಿದ್ದಕ್ಕೆ ಬಿಲ್ಲಿಲ್ಲ. ಅವನಿಗೆ ಜ್ವರ ಬಂದಾಗ ಎರಡು ರಾತ್ರಿ ಎಚ್ಚರವಾಗಿದ್ದುದಕ್ಕೆ ರಸೀತಿಯಿಲ್ಲ. ಮನೆಗೆಲಸದಲ್ಲಿ ಮುಳುಗಿದ ಹೆಂಗಸು ಎಷ್ಟು ಪೂರ್ಣವಾಗಿ ಆ ಸಂಸಾರದೊಳಗೆ ಕರಗಿದ್ದಳೋ ಅಷ್ಟೇ ಪೂರ್ಣವಾಗಿ ಅವಳ ಗುರುತು ಕಾಗದಗಳಿಂದ ಅಳಿಸಿಹೋಗಿರುತ್ತದೆ. ಮೋಸಗಾರರಿಗೆ ಈ ಕಷ್ಟವಿಲ್ಲ. ಅವರು ಮೊದಲಿಂದಲೂ ಕಾಗದಕ್ಕಾಗಿಯೇ ಬಾಳಿದವರಾದುದರಿಂದ ಅವರ ಕಡತ ದಪ್ಪವಾಗಿಯೇ ಇರಬಹುದು.

ಮದುವೆಯ ಚಿತ್ರಗಳಿಲ್ಲವೇ ಎಂದು ತಾಯಿತಂದೆಯರು ಕೇಳುತ್ತಾರೆ. ಇವೆ, ನಾಲ್ಕು ಆಲ್ಬಮ್ಮುಗಳ ತುಂಬ ಇವೆ. ಕಾಶೀಯಾತ್ರೆ, ಧಾರೆ, ಸಪ್ತಪದಿ, ಅರುಂಧತೀ ದರ್ಶನ. ನಮ್ಮ ಕಡೆ ಮದುವೆಗೆ ಇದಕ್ಕಿಂತ ಮಿಗಿಲಾದ ಸಾಕ್ಷಿಯುಂಟೇ? ಅಗ್ನಿಯೇ ಸಾಕ್ಷಿ, ಮೇಲೆ ಒಂಬೈನೂರು ಜನ. ಆದರೆ ಆ ಅಧಿಕಾರಿಗೆ ಮದುವೆ ನಡೆಯಿತೆಂಬುದರಲ್ಲಿ ಸಂಶಯವಿಲ್ಲ. ಅವನು ಕೇಳುವುದು ಮದುವೆಯ ಮರುದಿನದಿಂದ ಮುಂದಿನ ಕಥೆಯನ್ನು. ತಂದೆ ತನ್ನ ಸೇವಾನಿವೃತ್ತಿಯ ಹಣವನ್ನು ಸುರಿದ ಒಂದು ದಿನದ ವೈಭವಕ್ಕಿಂತ, ಮಂಗಳವಾರ ಸಂಜೆ ಇಬ್ಬರೂ ಕೂಡಿ ತಂದ ತರಕಾರಿಯ ಚೀಟಿಗೆ ಅಲ್ಲಿ ತೂಕ ಹೆಚ್ಚಾದರೂ ಆಶ್ಚರ್ಯವಿಲ್ಲ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಬಿಡಿಸಿ ಹೇಳಿದ ಕೀರ್ತಿ 1975ರ ಬಾರ್ಕ್ ಮೊಕದ್ದಮೆಯದು. ಕೊರಿಯಾ ದೇಶದ ಒಂದು ಜೋಡಿ. ತಮ್ಮ ನಾಡಿನಲ್ಲಿಯೇ ಒಬ್ಬರನ್ನೊಬ್ಬರು ಮೆಚ್ಚಿದ್ದವರು. ಆಕೆ ಮೊದಲು ಅಮೆರಿಕಕ್ಕೆ ಹೋಗಿ ನೆಲಸಿದಳು. ಅವನು ಆಮೇಲೆ ಹೋದ. 1969ರಲ್ಲಿ ಹವಾಯಿಯಲ್ಲಿ ಮದುವೆಯಾದರು. ಜಗಳವಾಯಿತು, ಬೇರೆಯಾದರು. ಬೇರೆಯಾದುದರಿಂದಲೇ ಮದುವೆ ಸುಳ್ಳೆಂದು ವಲಸೆ ಇಲಾಖೆ ಹೇಳಿತು. ಮೇಲ್ಮನವಿಯ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಮದುವೆಯಾದ ಹೊತ್ತಿನಲ್ಲಿ ಕೂಡಿ ಬಾಳಬೇಕೆಂಬ ಸಂಕಲ್ಪವಿತ್ತೇ ಎಂಬುದೇ ನೋಡತಕ್ಕ ವಿಷಯ. ಆಮೇಲಿನ ನಡತೆಯನ್ನು ಆ ಸಂಕಲ್ಪವನ್ನು ತಿಳಿಯುವ ಮಟ್ಟಿಗೆ ಮಾತ್ರ ನೋಡಬೇಕು. ತನ್ನ ಪ್ರಜೆಗಳ ಮದುವೆಗಳಿಗಿಂತ ಹೆಚ್ಚು ಯಶಸ್ವಿಯಾದ ಮದುವೆಯನ್ನು ಪರದೇಶದವರಿಂದ ನಿರೀಕ್ಷಿಸುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ಹಾಗಾಗಿ ಸೋತ ಮದುವೆ ಬೇರೆ, ಸುಳ್ಳು ಮದುವೆ ಬೇರೆ. ಈ ವ್ಯತ್ಯಾಸವನ್ನು ನ್ಯಾಯಾಲಯ ಕಂಡಷ್ಟು ಚೆನ್ನಾಗಿ ನಮ್ಮ ಬಂಧುಬಳಗ ಕಂಡಿದ್ದರೆ ಎಷ್ಟೋ ಹೆಣ್ಣುಮಕ್ಕಳ ತವರಿನ ದಾರಿ ಹಗುರವಾಗುತ್ತಿತ್ತು.

ಆದರೂ ಸಂಕಲ್ಪವೆಂಬುದು ಕಣ್ಣಿಗೆ ಕಾಣುವ ವಸ್ತುವಲ್ಲವಷ್ಟೆ. ದುಷ್ಯಂತನ ಸಭೆಯಲ್ಲಿ ಶಕುಂತಲೆ ನಿಂತದ್ದೂ ಇದೇ ಇಕ್ಕಟ್ಟಿನಲ್ಲಿ. ಗಾಂಧರ್ವ ವಿವಾಹ, ಸಾಕ್ಷಿಗಳಿಲ್ಲ. ಇದ್ದ ಒಂದು ಉಂಗುರ ತೀರ್ಥದಲ್ಲಿ ಜಾರಿಹೋಗಿದೆ. ಆಶ್ರಮದಲ್ಲಿ ಜಿಂಕೆಮರಿ ದೊರೆಯ ಕೈಯಿಂದ ನೀರು ಕುಡಿಯದೆ ತನ್ನ ಕೈಯಿಂದ ಕುಡಿದ ಸಂಗತಿಯನ್ನು ಅವಳು ನೆನಪಿಸುತ್ತಾಳೆ. ಅದು ಬಾಳಿದವರಿಗಲ್ಲದೆ ಬೇರೆಯವರಿಗೆ ತಿಳಿಯದ ಮಾತು. ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನಾವುದು? ಆದರೆ ದೊರೆ ಅದನ್ನು ಹೆಂಗಸರ ಜಾಣತನವೆಂದು ತಳ್ಳಿಹಾಕಿದ. ಕಾಳಿದಾಸನು ಕಡೆಗೆ ಒಬ್ಬ ಬೆಸ್ತನ ಕೈಯಲ್ಲಿ ಉಂಗುರವನ್ನು ಹೊರತರಿಸಿದ. ಐ-751ರ ಕಡತದಲ್ಲಿ ಮೀನು ಸಿಕ್ಕುವ ಭರವಸೆಯಿಲ್ಲ. ಉಂಗುರವನ್ನು ತಾವೇ ಹುಡುಕಬೇಕು.

ಹುಡುಕಿದರೆ ಸಿಕ್ಕುವುದೂ ಉಂಟು. ಇಬ್ಬರೂ ಕೂಡಿ ತೆರಿಗೆಯ ಲೆಕ್ಕ ಸಲ್ಲಿಸಿದ್ದರೆ ಅದರ ನಕಲನ್ನು ತೆರಿಗೆ ಇಲಾಖೆಯಿಂದ ಹೆಂಡತಿಯೂ ಪಡೆಯಬಹುದು. ಗಂಡನ ಬಾಗಿಲು ತಟ್ಟಬೇಕಾಗಿಲ್ಲ. ಜಂಟಿ ಖಾತೆಯ ವಿವರವೂ ಹಾಗೆಯೇ. ಇಬ್ಬರ ಡ್ರೈವಿಂಗ್ ಲೈಸೆನ್ಸಿನಲ್ಲಿಯೂ ಇರುವ ಒಂದೇ ವಿಳಾಸ, ಆಸ್ಪತ್ರೆಯ ಕಾಗದದಲ್ಲಿ ಆಪತ್ಕಾಲಕ್ಕೆ ಕರೆಯಬೇಕಾದವರೆಂದು ಬರೆಸಿದ ಹೆಸರು, ಕೂಡಿ ಹೋದ ಯಾತ್ರೆಯ ಟಿಕೇಟು, ವೀಸಾಕ್ಕೆ ಕಾಯುತ್ತಿದ್ದ ಆ ಹದಿನಾಲ್ಕು ತಿಂಗಳ ಸಂದೇಶಗಳು, ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಜೊತೆಗೆ ಈ ಸಂಸಾರವನ್ನು ಕಣ್ಣಾರೆ ಕಂಡ ಇಬ್ಬರಾದರೂ ಪ್ರಮಾಣ ಮಾಡಿ ಬರೆದುಕೊಡುವುದು ವಾಡಿಕೆ. ಬರೆಯುವವರು ಅವರಿಬ್ಬರೂ ಬಹಳ ಅನ್ಯೋನ್ಯವಾಗಿದ್ದರು ಎಂದು ಹೊಗಳಿಕೆಯ ಸಾಲು ಬರೆದರೆ ಪ್ರಯೋಜನ ಕಡಿಮೆ. ದೀಪಾವಳಿಗೆ ಇವರ ಮನೆಗೆ ಹೋದೆವು, ಆಕೆ ಒಬ್ಬಟ್ಟು ಬೇಯಿಸುತ್ತಿದ್ದಳು, ಆತ ಮಕ್ಕಳಿಗೆ ಸುರುಸುರು ಬತ್ತಿ ಹಚ್ಚಿಕೊಡುತ್ತಿದ್ದ ಎಂದು ಕಂಡದ್ದನ್ನು ಕಂಡಂತೆ ಬರೆದರೆ ಅದು ಸಾಕ್ಷಿ. ಕಷ್ಟವೇನೆಂದರೆ, ದೀಪಾವಳಿಗೆ ಬಂದಿದ್ದವರೆಲ್ಲ ಬಹುಮಟ್ಟಿಗೆ ಗಂಡನ ಸ್ನೇಹಿತರು. ಮನೆ ಒಡೆದಾಗ ಪಾತ್ರೆಪಡಗಗಳಂತೆ ಸ್ನೇಹಿತರೂ ಪಾಲಾಗುತ್ತಾರೆ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ವಿಚ್ಛೇದನದ ಮೊಕದ್ದಮೆಯಲ್ಲಿ ಸಿಟ್ಟಿನಿಂದ ಬರೆಸಿದ ಮಾತುಗಳು ಅಲ್ಲಿಗೇ ಮುಗಿಯುವುದಿಲ್ಲ. ಇವಳು ಕಾರ್ಡಿಗಾಗಿಯೇ ಮದುವೆಯಾದಳು ಎಂದು ಗಂಡನ ವಕೀಲ ಬರೆದ ಒಂದು ವಾಕ್ಯ, ಅಥವಾ ಇವನೊಡನೆ ಒಂದು ದಿನವೂ ಸಂಸಾರ ಮಾಡಲಿಲ್ಲ ಎಂದು ಹೆಂಡತಿಯೇ ನೊಂದು ಹೇಳಿಕೊಂಡ ಒಂದು ವಾಕ್ಯ, ನಾಳೆ ವಲಸೆಯ ಕಡತಕ್ಕೂ ಬಂದು ಕುಳಿತೀತು. ಜಗಳದಲ್ಲಿ ಆಡುವ ಒಂದು ದಿನವೂ ಎಂಬ ಮಾತಿಗೆ ಎಲ್ಲ ಗಂಡಹೆಂಡಿರಿಗೂ ಅರ್ಥ ಗೊತ್ತು. ಅದನ್ನು ಅಕ್ಷರಶಃ ಓದುವವರೂ ಇದ್ದಾರೆ.

ವಿಚ್ಛೇದನವಾದವರು ಆ 90 ದಿನಗಳಿಗಾಗಿ ಕಾಯಬೇಕಾಗಿಲ್ಲ. ತೀರ್ಪು ಕೈಗೆ ಬಂದೊಡನೆ ಒಬ್ಬರೇ ಅರ್ಜಿ ಹಾಕಬಹುದು. ಕೂಡಿ ಹಾಕಿದ ಅರ್ಜಿ ವಿಚಾರಣೆಯಲ್ಲಿರುವಾಗಲೇ ಮದುವೆ ಮುರಿದರೆ ಅದನ್ನೇ ಒಬ್ಬರ ಅರ್ಜಿಯಾಗಿ ಮಾರ್ಪಡಿಸಲು ಅವಕಾಶವಿದೆ. 2024ರ ಏಪ್ರಿಲಿನಲ್ಲಿ ಅರ್ಜಿಯ ಶುಲ್ಕ 750 ಡಾಲರಿಗೆ ಏರಿತು. ಕಾಯುವಿಕೆಯೂ ದೀರ್ಘವೇ; 2023ರಲ್ಲಿ, ಅರ್ಜಿದಾರರ ಕಾರ್ಡಿನ ಅವಧಿಯನ್ನು 48 ತಿಂಗಳು ವಿಸ್ತರಿಸುವ ಪತ್ರ ಕೊಡಲು ಇಲಾಖೆ ತೊಡಗಿತೆಂದರೆ ವಿಳಂಬ ಎಷ್ಟಿರಬಹುದೆಂದು ಊಹಿಸಿಕೊಳ್ಳಬಹುದು. ಪ್ರಜೆಯ ಪತ್ನಿಯಾಗಿ ಮುಂದುವರಿದಿದ್ದರೆ ಮೂರು ವರ್ಷಕ್ಕೆ ಪೌರತ್ವ ಕೇಳಬಹುದಿತ್ತು. ಈಗ ಐದು ವರ್ಷವಾಗಬೇಕು. ಅರ್ಜಿ ತಿರಸ್ಕೃತವಾದರೆ ವಲಸೆ ನ್ಯಾಯಾಧೀಶರ ಮುಂದೆ ಮತ್ತೊಮ್ಮೆ ವಾದಿಸಬಹುದು. ಆದರೆ ಮದುವೆಯೇ ವಂಚನೆಯೆಂಬ ಕಳಂಕ ಒಮ್ಮೆ ಅಂಟಿತೋ, ಆಮೇಲೆ ಅವಳ ಪರವಾಗಿ ಸಂಗಾತಿಯಾಗಲಿ ಬಂಧುವಾಗಲಿ ಹಾಕುವ ವಲಸೆಯ ಮನವಿಗೆ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ವಂಚನೆಗೆ ಐದು ವರ್ಷದವರೆಗೆ ಸೆರೆಮನೆಯೂ ಎರಡೂವರೆ ಲಕ್ಷ ಡಾಲರಿನವರೆಗೆ ದಂಡವೂ ಉಂಟು.

ಭಾರತದ ಕಡೆಯ ತೊಡಕೊಂದು ಬೇರೆ. ಅಮೆರಿಕದ ನ್ಯಾಯಾಲಯ ಕೊಟ್ಟ ವಿಚ್ಛೇದನ ಇಲ್ಲಿಯೂ ಸಲ್ಲುತ್ತದೆಂದು ತಿಳಿಯುವಂತಿಲ್ಲ. ತಿರುಪತಿಯಲ್ಲಿ ಮದುವೆಯಾದ ದಂಪತಿಗಳಲ್ಲಿ ಗಂಡನು ಮಿಸ್ಸೌರಿ ರಾಜ್ಯದಲ್ಲಿ ಪಡೆದ ವಿಚ್ಛೇದನವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1991ರ ನರಸಿಂಹರಾವ್ ಮೊಕದ್ದಮೆಯಲ್ಲಿ ಮಾನ್ಯ ಮಾಡಲಿಲ್ಲ. ಹಿಂದೂ ವಿವಾಹ ಶಾಸನ ಹೇಳುವ ಕಾರಣಗಳು ಅಲ್ಲಿ ಇರಬೇಕು, ಎದುರು ಪಕ್ಷ ನಿಜವಾಗಿ ಆ ನ್ಯಾಯಾಲಯಕ್ಕೆ ಒಳಪಟ್ಟಿರಬೇಕು, ಇಲ್ಲವೆ ಇಬ್ಬರೂ ಒಪ್ಪಿರಬೇಕು. ಇಲ್ಲದಿದ್ದರೆ ಒಂದೇ ಹೆಣ್ಣು ಒಂದು ದೇಶದಲ್ಲಿ ಪರಿತ್ಯಕ್ತೆ, ಇನ್ನೊಂದು ದೇಶದಲ್ಲಿ ಮುತ್ತೈದೆ!

ಮೈಸೂರಿನ ಆ ಮನೆಗೆ ಮತ್ತೆ ಬರೋಣ. ಮಗಳು ಕೇಳಿದ್ದಾಳೆಂದು ತಾಯಿ ಕಬ್ಬಿಣದ ಪೆಟ್ಟಿಗೆ ತೆಗೆದು, ಉಳಿದಿದ್ದ ಒಂದು ಲಗ್ನಪತ್ರಿಕೆಯನ್ನು ಹೊರತೆಗೆಯುತ್ತಾಳೆ. ನಾಲ್ಕು ಮೂಲೆಗೂ ಅರಿಸಿನ ಹಾಗೆಯೇ ಇದೆ. ಕನ್ನಡದ ಕಾಗದ ಹಾಗೆಯೇ ನಡೆಯುವುದಿಲ್ಲ. ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಅನುವಾದಿಸಿದವರು ಸರಿಯಾಗಿದೆಯೆಂದು ಸಹಿ ಹಾಕಬೇಕು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಎದುರುಮನೆಯ ಮೇಷ್ಟ್ರು ಕನ್ನಡಕ ಏರಿಸಿ ಕುಳಿತಿದ್ದಾರೆ. ಚಿ॥ ಎಂಬುದಕ್ಕೆ ಏನು ಬರೆಯುವುದು, ಸೌ॥ ಎಂಬುದಕ್ಕೆ ಏನು? ಅಭಿಜಿನ್ ಮುಹೂರ್ತವನ್ನು ಗಂಟೆ ನಿಮಿಷಗಳಲ್ಲಿ ಹೇಳಿದರೆ ಸಾಕೇ? ಸಾಲಂಕೃತ ಕನ್ಯಾದಾನದಲ್ಲಿ ದಾನವೆಂದು ಬರೆದರೆ ಆ ಅಧಿಕಾರಿ ಏನೆಂದುಕೊಂಡಾನು? ಮೇಷ್ಟ್ರು ಒಂದು ಸಾಲು ಬರೆದು ಎರಡು ಸಾಲು ಹೊಡೆದುಹಾಕುತ್ತಾರೆ.

ತಾಯಿ ಪತ್ರಿಕೆಯ ಕೆಳತುದಿಯನ್ನು ನೋಡುತ್ತ ಫೋನು ಹಿಡಿಯುತ್ತಾಳೆ.

“ಪುಟ್ಟೀ, ಸುಖಾಗಮನಾಭಿಲಾಷಿಗಳು ಅಂತ ಕೊನೆಯಲ್ಲಿ ಅವರ ಮನೆಯವರ ಹೆಸರೆಲ್ಲ ಇದೆಯಲ್ಲೇ. ಅವರ ಅಜ್ಜಿಯಿಂದ ಹಿಡಿದು ಸೋದರತ್ತೆಯವರೆಗೆ. ಅದನ್ನೂ ಬರೆಸಬೇಕೇ? ಕತ್ತರಿಸಿ ಕಳಿಸಿಬಿಡಲೇ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಬೇಡಮ್ಮ. ಎಲ್ಲರ ಹೆಸರೂ ಇರಲಿ. ಅಜ್ಜಿಯ ಹೆಸರನ್ನು ಸರಿಯಾಗಿ ಬರೆಯೋದಕ್ಕೆ ಮೇಷ್ಟ್ರಿಗೆ ಹೇಳು. ಅವರು ನನ್ನನ್ನು ತುಂಬ ಚೆನ್ನಾಗಿ ನೋಡಿಕೊಂಡಿದ್ದರು.”